ಸೈಲೆನ್ಸರ್ ಹೊರಿಸಿದ ಆರೋಪ

ವಿಪರೀತ ಆಯಿಲ್ ಕುಡಿಯುತ್ತಿದ್ದ ಹಳೆಯ ಕಾರೊಂದು ಗ್ಯಾರೇಜಿಗೆ ಬಂತು. ಆಯಿಲ್ ಉರಿದ ನೀಲಿ ಹೊಗೆ ಕಂಡರೆ ಸಾಕು, ಆಯಿಲ್ ತಡೆಯುವ ಪಿಸ್ಟನ್ ರಿಂಗ್ ಸವೆದಿದೆಯೆಂದು ಎಂಜಿನ್ ಬಿಚ್ಚಿ ಅದನ್ನು ಗುಜರಿಗೆ ಎಸೆಯುವುದು ಆ ಗ್ಯಾರೇಜಿನ ರೂಢಿ. ಮೆಕ್ಯಾನಿಕ್ ಕೊಟ್ರಪ್ಪ ಸ್ಪ್ಯಾನರ್ ತರಲು ಒಳಗೆ ಹೋದ.

“ಕಳ್ಳ ನೀನೇ,” ಎಂದು ಸೈಲೆನ್ಸರ್ ರಿಂಗನ್ನು ಗದರಿತು. “ನೀನು ಕುಡಿದದ್ದರ ಹೊಗೆ ಉಗುಳಿ ಉಗುಳಿ ನನ್ನ ಬಾಯಿ ಕಪ್ಪಾಗಿದೆ.”

“ನಾನಲ್ಲಣ್ಣ. ಆದರೆ ಗುಜರಿಗೆ ಹೊರಟವನ ಮಾತು ಯಾರು ಕೇಳುತ್ತಾರೆ?”

ಆಗ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಕೇಳಿತು: “ಸೈಲೆನ್ಸರಣ್ಣ, ಹೊಗೆ ಬರುವುದು ಯಾವಾಗ? ಏರು ಹತ್ತುವಾಗಲೋ?”

“ಇಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಮೋಡ. ಆಮೇಲೆ ಏನೂ ಇಲ್ಲ.”

“ರಿಂಗ್ ಸವೆದಿದ್ದರೆ ಏರು ಹತ್ತುವಾಗಲೂ ಹೊಗೆ ಬರಬೇಕಿತ್ತು. ಹಾಗಾದರೆ ಕಾರು ನಿಂತಿದ್ದಾಗ ಆಯಿಲ್ ಮೇಲಿನಿಂದ ತೊಟ್ಟಿಕ್ಕಿದೆ. ರಿಂಗ್ ಇರುವುದು ಕೆಳಗೆ. ಮೇಲೆ ಯಾರಿದ್ದಾರೆ?”

ಮೇಲಿನಿಂದ ವಾಲ್ವಿನ ರಬ್ಬರ್ ಸೀಲ್ ಗೊಣಗಿತು: “ನಾನು. ಒಣಗಿ ಕಲ್ಲಾಗಿದ್ದೇನೆ, ಆಯಿಲ್ ಸೋರುವುದನ್ನು ತಡೆಯಲಾಗುತ್ತಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡ ಕೊಟ್ರಪ್ಪ ದೊಡ್ಡ ಸ್ಪ್ಯಾನರನ್ನು ಕೆಳಗಿಟ್ಟ. ಎಂಜಿನ್ನಿನ ಮೇಲಿನ ಕವರ್ ಮಾತ್ರ ತೆಗೆದು ಸೀಲುಗಳನ್ನು ಬದಲಿಸಿದ.

ಮರುದಿನದಿಂದ ಕಾರು ಊರೂರು ಓಡಿತು. ವಾರ ಕಳೆದು ಕೊಟ್ರಪ್ಪ ಡಿಪ್‌ಸ್ಟಿಕ್ಕನ್ನು ಎಳೆದಾಗ ಅದು ಹೊಳೆಯುತ್ತಾ ಕೂಗಿತು: “ಆಯಿಲ್ ಮೇಲಿನ ಗೆರೆಯಲ್ಲೇ ಇದೆ! ಇಳಿದಿಲ್ಲ!”

ರಿಂಗಿನ ಎದೆ ಉಬ್ಬಿತು. ಸೈಲೆನ್ಸರ್ ತಲೆ ತಗ್ಗಿಸಿತು. “ತಮ್ಮಾ, ಎಲ್ಲರೆದುರು ನಿನ್ನನ್ನು ಕಳ್ಳ ಎಂದೆ. ಈಗ ಎಲ್ಲರೆದುರು ಏನು ಹೇಳಲಿ?”

“ಏನೂ ಹೇಳಬೇಡಣ್ಣ,” ಎಂದು ರಿಂಗ್ ನಕ್ಕಿತು. “ನಾಳೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆಯಿಲ್ಲದ ಬಾಯಿ ತೆರೆದು ತೋರಿಸು, ಸಾಕು.”