ಚಂಪಮ್ಮಜ್ಜಿಯ ಕಿವಿ ಮಿಷನ್

ಚಂಪಮ್ಮಜ್ಜಿಯ ಕಿವಿಗೆ ಹೊಸದಾಗಿ ಬಂದ ಮಿಷನ್ನು ಎರಡೇ ದಿನದಲ್ಲಿ ಕಂಗಾಲಾಯಿತು. ಪಕ್ಕದಲ್ಲಿ ಕೂತಿದ್ದ ಮಗನ ಕೈಯಲ್ಲಿನ ಮೊಬೈಲನ್ನು ಅದು ಕೇಳಿತು:

“ಅಯ್ಯಾ, ಮನೆಮಂದಿಯೆಲ್ಲ ಇಲ್ಲೇ ಇದ್ದಾರೆ. ಆದರೂ ಫ್ಯಾನಿನ ಸದ್ದು ಬಿಟ್ಟರೆ ನನಗೆ ಬೇರೇನೂ ಕೇಳಿಸುತ್ತಿಲ್ಲ. ನಾನು ಕೆಟ್ಟುಹೋದೆನೇ?”

“ಕೆಟ್ಟಿರಲೇಬೇಕು,” ಎಂದಿತು ಮೊಬೈಲು. “ಬೆಳಗಿನಿಂದ ಇವರ ಬೆರಳಿಗೆ ಬಿಡುವಿಲ್ಲ. ಎಷ್ಟು ಮಾತು, ಎಷ್ಟು ನಗು, ಎಷ್ಟು ಜಗಳ! ನನಗೆ ಎಲ್ಲವೂ ತಲುಪಿದೆ. ನಿನಗೆ ತಲುಪಿಲ್ಲವೆಂದರೆ ದೋಷ ನಿನ್ನದೇ.”

ಅಜ್ಜಿಗೂ ಅದೇ ಅನುಮಾನ. “ಇದು ಕೆಲಸ ಮಾಡ್ತಿಲ್ಲಪ್ಪ,” ಎಂದು ಬಿಚ್ಚಿ ಮಗನ ಕೈಗೆ ಕೊಟ್ಟಳು. ಅಂಗಡಿಯವನು ಪರೀಕ್ಷಿಸಿ, ಏನೂ ಆಗಿಲ್ಲವೆಂದು ಒರೆಸಿ ವಾಪಸು ಕೊಟ್ಟ.

ಸಂಜೆ ಮಗ ಅದನ್ನು ತಂದು ತಾಯಿಯ ಕಿವಿಗೆ ಸಿಕ್ಕಿಸುವ ಹೊತ್ತಿಗೆ ಇಡೀ ಬಡಾವಣೆಯಲ್ಲಿ ನೆಟ್ ಹೋಯಿತು. ಸೊಸೆ ಯಾರನ್ನೋ ಬೈದಳು. ಮೊಮ್ಮಗಳು ಗೊಣಗಿದಳು, ಮೊಮ್ಮಗ ಅವಳನ್ನು ಅಣಕಿಸಿದ. ಮಾತಿಗೆ ಮಾತು ಬೆಳೆದು ಕೊನೆಗೆ ಎಲ್ಲರೂ ನಕ್ಕರು.

ಮೊಬೈಲಿಗೆ ಮಾತ್ರ ಒಂದೂ ತಲುಪಲಿಲ್ಲ.

“ಈಗ ಸರಿಯಾಯ್ತು ನೋಡು,” ಎಂದಳು ಅಜ್ಜಿ. “ರಿಪೇರಿ ಮಾಡಿದವನ ಹೊಟ್ಟೆ ತಣ್ಣಗಿರಲಿ.”