ಧೂಳು ಕೂರದ ಮೊಟ್ಟೆಗಳು

“ಗೋಸುಂಬೆಯಜ್ಜಾ, ನನ್ನ ಗೂಡಿಗೆ ದಾರಿ ಯಾವುದು?” ಎಂದು ಹೊಳೆದಂಡೆಯಲ್ಲಿ ಟಿಟ್ಟಿಭ ಹಕ್ಕಿ ಕೇಳಿತು. “ಗುರುತಿನ ಗಿಡವನ್ನು ಆಡುಗಳು ಮೇದಿವೆ. ಈ ಕಲ್ಲುಗಳ ನಡುವೆ ಕಲ್ಲಿನಂತೆಯೇ ಕಾಣುತ್ತವೆ ನನ್ನ ಮೊಟ್ಟೆಗಳು; ಬೇಗ ಸಿಗದಿದ್ದರೆ ಬಿಸಿಲಿಗೆ ಬೆಂದುಹೋಗುತ್ತವೆ!”

ಕಣ್ಣು ಹೇಗೆ ಹುಡುಕುತ್ತದೆಂದು ಜೀವಮಾನವಿಡೀ ಅಭ್ಯಾಸ ಮಾಡಿದ್ದ ಗೋಸುಂಬೆ ನಕ್ಕಿತು. “ಊರೂರು ಸುತ್ತಿದವಳೇ, ಒಂದೊಂದೇ ಕಲ್ಲು ನೋಡುತ್ತ ಕೂತರೆ ಸಂಜೆಯಾದೀತು. ಮೊಟ್ಟೆಗಿದ್ದು ಕಲ್ಲಿಗಿಲ್ಲದ ಲಕ್ಷಣ ಯಾವುದು?”

“ದಿನಾ ಮಗುಚುತ್ತೇನಲ್ಲ, ಅವುಗಳ ಮೇಲೆ ಧೂಳು ಕೂರುವುದಿಲ್ಲ.”

“ಹಾಗಾದರೆ ಮೊಟ್ಟೆಯನ್ನು ಮರೆತು, ಧೂಳಿಲ್ಲದ್ದನ್ನಷ್ಟೇ ಹುಡುಕು.”

ಮರುಕ್ಷಣ ನಾಲ್ಕೂ ಮೊಟ್ಟೆಗಳು ಹಕ್ಕಿಯ ಕಣ್ಣಿಗೆ ಬಿದ್ದವು. “ನಿನ್ನ ಹೊಟ್ಟೆ ತಣ್ಣಗಿರಲಿ!” ಎಂದು ಟಿಟ್ಟಿಭ ಅವಕ್ಕೆ ನೆರಳಾಗಿ ಕೂತಿತು.

ಅಷ್ಟರಲ್ಲಿ ಗಿಡುಗವೊಂದು ಗೋಸುಂಬೆಯತ್ತ ಎರಗಿತು. ಟಿಟ್ಟಿಭ ಥಟ್ಟನೆ ಎದ್ದು, ರೆಕ್ಕೆ ಮುರಿದಂತೆ ನಟಿಸುತ್ತ ಕುಂಟಿಕೊಂಡು ಓಡಿತು. ಗಿಡುಗದ ಕಣ್ಣು ಗೋಸುಂಬೆಯನ್ನು ಬಿಟ್ಟು ಆ ರೆಕ್ಕೆಯ ಬೆನ್ನು ಹತ್ತಿತು. ಗಿಡುಗವನ್ನು ದೂರ ಸೆಳೆದೊಯ್ದ ಟಿಟ್ಟಿಭ ನೆಟ್ಟಗೆ ಮೇಲೆ ಹಾರಿ ಕೂಗಿತು: “ಅಜ್ಜಾ, ಋಣ ತೀರಿತು, ಇನ್ನಾದರೂ ಪೊದೆ ಸೇರು!”