ಬಾದಾಮಿ ಸಾರುವವನ ಪೇಟ

“ಬುದ್ಧೀ, ಒಂದೇ ಬಾಯಲ್ಲಿ ಸುದ್ದಿಯನ್ನೂ ಹೇಳಿ ಹೊಗಳಿಕೆಯನ್ನೂ ಹೇಳಿದರೆ ತಪ್ಪೇ?”

ನಂಜಯ್ಯ ಗುರುಗಳನ್ನು ಹೀಗೆ ಕೇಳಿದ. ಕೇಳಿದ ಮೇಲೆ, ತಾನು ಕೇಳಬೇಕೆಂದಿದ್ದುದು ಇದೇ ಹೌದೋ ಅಲ್ಲವೋ ಎಂಬ ಅನುಮಾನದಲ್ಲಿ ನಿಂತ.

ಅವನು ಮಠದ ಶಿಷ್ಯ. ಅವನ ಕೆಲಸ ಮಠದ ಬಾಗಿಲಲ್ಲಿ. ಗುರುಗಳು ಇದ್ದಾರೋ ಇಲ್ಲವೋ, ಪ್ರಸಾದ ಎಷ್ಟು ಹೊತ್ತಿಗೆ, ತಂಗಲು ಜಾಗ ಇದೆಯೋ ಎಂದು ಬಂದವರಿಗೆ ತಿಳಿಸುವವನು ಅವನೇ. ಇದು ಸುದ್ದಿ. ದಾರಿಯಲ್ಲಿ ಹೋಗುವವರೂ ಒಳಗೆ ಬರಲಿ ಎಂದು ಅವನು ಇನ್ನೊಂದು ಮಾತನ್ನೂ ಸೇರಿಸುತ್ತಿದ್ದ. ನಮ್ಮ ಗುರುಗಳಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯೇ ಇಲ್ಲ ಎನ್ನುತ್ತಿದ್ದ. ಇದು ಹೊಗಳಿಕೆ. ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದ.

ಹಿಂದಿನ ದಿನ ದೂರದ ಊರಿನ ಒಬ್ಬ ಬಂದಿದ್ದ. ಅವನಿಗೆ ಬಾವಿ ತೋಡಿಸುವುದಿತ್ತು. ಎಲ್ಲಿ ತೋಡಿದರೆ ನೀರು ಸಿಗುತ್ತದೆ ಎಂದು ಗುರುಗಳನ್ನು ಕೇಳಿದ. ಗುರುಗಳು ನನಗೆ ಗೊತ್ತಿಲ್ಲಪ್ಪ ಎಂದುಬಿಟ್ಟರು. ಅವನು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, ಸ್ವಾಮಿ, ನೀವು ಬಾಗಿಲಲ್ಲಿ ಹೇಳಿದ್ದು ನಿಜವಾಗಿ ಹೇಳಿದ್ದೋ, ಸುಮ್ಮನೆ ಹೇಳಿದ್ದೋ ಎಂದು ನಂಜಯ್ಯನನ್ನು ಕೇಳಿದ. ನಂಜಯ್ಯ ಬೇಕೆಂದು ಸುಳ್ಳು ಹೇಳಿರಲಿಲ್ಲ. ಆದರೆ ನಿಜ ಹೇಳಿದ್ದೇನೆ ಎನ್ನಲೂ ನಾಲಿಗೆ ಏಳಲಿಲ್ಲ. ಈಗ ಬೆಳಗಾದರೆ ಹುಣ್ಣಿಮೆ, ಸುತ್ತಲಿನ ಊರುಗಳಿಂದ ಜನ ಬರುವ ದಿನ. ಬಾಗಿಲಲ್ಲಿ ನಿಂತು ಏನು ಹೇಳಬೇಕೆಂಬುದೇ ಅವನ ಚಿಂತೆ. ಅದಕ್ಕಾಗಿಯೇ ಅವನು ಒಳಗೆ ಬಂದದ್ದು.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿ ಒಂದು ಕತೆ ಹೇಳಿದರು.

ಬಡಗಣ ಬೆಟ್ಟಗಳಲ್ಲಿ ಒಂದು ದೇಶ. ಅಲ್ಲಿ ಬಾದಾಮಿಯೇ ಬೆಳೆ. ಒಂದೊಂದು ಕಣಿವೆಗೂ ನಡುವೆ ಬೆಟ್ಟ ಅಡ್ಡ ಇದ್ದುದರಿಂದ ಒಂದು ಕಣಿವೆಯವರಿಗೆ ಇನ್ನೊಂದು ಕಣಿವೆಯವರ ವಿಷಯ ತಿಳಿಯುತ್ತಿರಲಿಲ್ಲ. ಅದಕ್ಕೆ ದೇಶದ ಬೆಳೆಗಾರರೆಲ್ಲ ಸೇರಿ ಒಂದು ಸಂಘ ಕಟ್ಟಿದರು. ಸಂಘವು ಒಬ್ಬ ಸಾರುವವನನ್ನು ನೇಮಿಸಿತು. ಸಾರುವವನೆಂದರೆ ಊರೂರಿಗೆ ಹೋಗಿ ಜನ ಸೇರಿಸಿ ಗಟ್ಟಿಯಾಗಿ ಹೇಳುವವನು.

ಅವನಿಗೆ ಎರಡು ಕೆಲಸ. ಕಣಿವೆಗಳಿಗೆ ಹೋಗಿ ಬೆಳೆಗಾರರಿಗೆ ಸುದ್ದಿ ಹೇಳಬೇಕು. ಎಲ್ಲಿ ಮಂಜು ಬಿತ್ತು, ಎಲ್ಲಿ ಹುಳ ಬಂತು, ಪೇಟೆಯಲ್ಲಿ ಏನು ಕೇಳುತ್ತಿದ್ದಾರೆ, ಇಂಥವು. ಪೇಟೆಗಳಿಗೆ ಹೋಗಿ ಕೊಳ್ಳುವವರ ಮುಂದೆ ಬಾದಾಮಿಯನ್ನು ಹೊಗಳಬೇಕು. ಎರಡೂ ಬೆರೆಯಬಾರದೆಂದು ಸಂಘದ ಹಿರಿಯರು ಒಂದು ಪದ್ಧತಿ ಮಾಡಿದ್ದರು. ಹೊಗಳುವಾಗ ಸಂಘ ಕೊಟ್ಟ ಕೆಂಪು ಪೇಟ ಅವನ ತಲೆಯ ಮೇಲಿರಬೇಕು. ಸುದ್ದಿ ಹೇಳುವಾಗ ಪೇಟ ತೆಗೆದು ಬರಿತಲೆಯಲ್ಲಿ ನಿಲ್ಲಬೇಕು. ಜನ ಅದಕ್ಕೆ ಒಗ್ಗಿಕೊಂಡಿದ್ದರು. ಬರಿತಲೆಯ ಮಾತನ್ನು ಕೇಳಿ ಕೆಲಸಕ್ಕೆ ಹೊರಡುತ್ತಿದ್ದರು. ಪೇಟದ ಮಾತನ್ನು ಕೇಳಿ ನಕ್ಕು ಒಂದು ಹಿಡಿ ಬಾದಾಮಿ ಕೊಳ್ಳುತ್ತಿದ್ದರು.

ಅವನ ಪೇಟದ ಮಾತು ಇದು: “ನಮ್ಮ ಬಾದಾಮಿ ಎರಡು ಬೆರಳಿಗೆ ಒಡೆಯುತ್ತದೆ. ಕಲ್ಲು ಬೇಡ, ಹಲ್ಲು ಬೇಡ. ನಮ್ಮಲ್ಲಿ ಬೇರೆ ಜಾತಿಯೇ ಇಲ್ಲ.”

ಈ ಮಾತು ಪೇಟೆಯ ಮಟ್ಟಿಗೆ ಸುಳ್ಳಲ್ಲ. ಪೇಟೆಗೆ ಬರುತ್ತಿದ್ದುದು ತೆಳು ಚಿಪ್ಪಿನ ಬಾದಾಮಿ ಮಾತ್ರ. ತೋಟಗಳಲ್ಲಿ ಇನ್ನೊಂದು ಜಾತಿಯೂ ಇತ್ತು. ಅದರ ಚಿಪ್ಪು ಗಟ್ಟಿ, ಕಲ್ಲಿನಲ್ಲಿ ಜಜ್ಜಬೇಕು. ಅದಕ್ಕೇ ಅದನ್ನು ಕಲ್ಲುಬಾದಾಮಿ ಎನ್ನುತ್ತಿದ್ದರು. ತೆಳು ಚಿಪ್ಪಿನ ಮರಗಳ ಸಾಲುಗಳ ನಡುವೆ ಅಲ್ಲಲ್ಲಿ ಕಲ್ಲುಬಾದಾಮಿಯ ಒಂದು ಸಾಲು. ಅದನ್ನು ಮನೆಯವರೇ ತಿನ್ನುತ್ತಿದ್ದರು, ಪೇಟೆಗೆ ಕಳಿಸುತ್ತಿರಲಿಲ್ಲ. ಹಿಂದಿನವರು ಹಾಗೆ ನೆಟ್ಟಿದ್ದರು. ಏಕೆ ನೆಟ್ಟರೆಂದು ಯಾರೂ ಕೇಳಿರಲಿಲ್ಲ.

ಒಂದು ವರ್ಷ ಚಳಿ ಹೆಚ್ಚು. ಸಾರುವವನು ಪೇಟೆಯಿಂದ ಕಣಿವೆಗೆ ಬಂದ. ಪೇಟ ತೆಗೆದರೆ ಕಿವಿ ಮರಗಟ್ಟುತ್ತಿತ್ತು. ಇವರೆಲ್ಲ ನಮ್ಮವರೇ ತಾನೇ, ಪೇಟ ಇದ್ದರೇನು ಎಂದುಕೊಂಡು ಹಾಗೆಯೇ ಸುದ್ದಿ ಹೇಳಿದ. ಬೆಳೆಗಾರರೂ ಬೇಡವೆನ್ನಲಿಲ್ಲ. ಸುದ್ದಿ ಮುಗಿದ ಮೇಲೆ ಪೇಟೆಯಲ್ಲಿ ನಮ್ಮನ್ನು ಹೇಗೆ ಹೊಗಳುತ್ತೀಯ, ಸ್ವಲ್ಪ ಹೇಳು ಎಂದರು. ಹೇಳಿದ. ತಮ್ಮ ಹೊಗಳಿಕೆಯನ್ನು ತಾವೇ ಕೇಳುವುದು ಅವರಿಗೆ ಹಿತವಾಯಿತು. ಮುಂದಿನ ಸಲವೂ ಕೇಳಿದರು. ಎಲ್ಲ ಕಣಿವೆಗಳಲ್ಲೂ ಹೀಗೇ ನಡೆಯಿತು. ಕಡೆಗೆ ಹೊಗಳಿಕೆ ಮೊದಲು ಬಂತು, ಸುದ್ದಿ ಅದರ ಬಾಲದಲ್ಲಿ ಬಂತು.

ಸಾರುವವನಿಗೆ ಒಬ್ಬಳು ಅಕ್ಕ. ಗಂಡ ತೀರಿಕೊಂಡಿದ್ದ, ತೋಟವೊಂದೇ ಅವಳಿಗೆ ಆಧಾರ. ಆ ಚಳಿಯಲ್ಲಿ ತಮ್ಮ ಅವಳ ಮನೆಗೆ ಊಟಕ್ಕೆ ಹೋದ. ಊಟಕ್ಕೆ ಕುಳಿತಾಗಲೂ ಅವನ ತಲೆಯ ಮೇಲೆ ಪೇಟ ಇತ್ತು. ಅಕ್ಕ ಅದನ್ನು ನೋಡಿ, ಇದೇನೋ, ಎರಡನೇ ಮದುವೆಗೆ ಹೊರಟವನ ಹಾಗೆ ಕುಳಿತಿದ್ದೀಯ ಎಂದು ನಕ್ಕಳು. ಆಮೇಲೆ ನಗು ಬಿಟ್ಟು ಕೇಳಿದಳು.

“ತಮ್ಮಾ, ದೇಶದಲ್ಲಿ ಬೇರೆ ಜಾತಿಯೇ ಇಲ್ಲ ಅಂತೀಯಲ್ಲ. ಕಲ್ಲುಬಾದಾಮಿ ಇಟ್ಟುಕೊಂಡವರು ನಮ್ಮ ಕಣಿವೆಯವರು ಮಾತ್ರವೋ?”

“ನಾನಂತೂ ಇನ್ನೆಲ್ಲೂ ಕಂಡಿಲ್ಲ ಅಕ್ಕ.”

ಇದೂ ಸುಳ್ಳಲ್ಲ. ಬೇರೆ ಕಣಿವೆಗಳಲ್ಲಿ ಅವನು ಊರಮುಂದಿನ ಕಟ್ಟೆಯಲ್ಲಿ ಸಾರಿ ಹಾಗೆಯೇ ಮುಂದೆ ಹೋಗುತ್ತಿದ್ದ. ತೋಟಗಳ ಒಳಗೆ ಹೋದವನಲ್ಲ. ಪೇಟೆಯಲ್ಲಂತೂ ಕಲ್ಲುಬಾದಾಮಿ ಕಣ್ಣಿಗೆ ಬೀಳುವ ಹಾಗೇ ಇರಲಿಲ್ಲ. ಹೇಳಿ ಹೇಳಿ ಆ ಮಾತು ಅವನಿಗೂ ನಿಜವಾಗಿತ್ತು.

ಅಕ್ಕನಿಗೆ ನಾಚಿಕೆಯಾಯಿತು. ಇಡೀ ದೇಶದಲ್ಲಿ ಇಲ್ಲದ್ದು ತಮ್ಮ ತೋಟಗಳಲ್ಲಿ ಇದೆಯಲ್ಲ ಎಂದುಕೊಂಡಳು. ಕಲ್ಲುಬಾದಾಮಿಯ ಸಾಲುಗಳನ್ನೆಲ್ಲ ಕಡಿಸಿದಳು. ಅವಳ ಕಣಿವೆಯವರೂ ಕಡಿಸಿದರು. ಬೇರೆ ಕಣಿವೆಯವರೂ, ತಮ್ಮಲ್ಲಿ ಮಾತ್ರ ಈ ಕೊರತೆ ಎಂದುಕೊಂಡು, ಯಾರಿಗೂ ಹೇಳದೆ ಕಡಿಸಿದರು. ಉಳಿದವನು ಅಕ್ಕನ ತೋಟದ ಪಕ್ಕದ ಒಬ್ಬ ಸೋಮಾರಿ. ಕೊಡಲಿ ಮೊಂಡಾಗಿದೆ, ಮಸೆದು ಕಡಿಯುತ್ತೇನೆ ಎನ್ನುತ್ತಿದ್ದ. ಕೊಡಲಿಯನ್ನು ಮಸೆಯಲೇ ಇಲ್ಲ. ದೇಶದ ಮರ್ಯಾದೆ ನಿನ್ನ ಕೊಡಲಿಯಿಂದ ಹೋಯಿತು ಎಂದು ಹೆಂಡತಿ ಬೈದಳು. ಅವನು ಮಗ್ಗುಲು ಬದಲಿಸಿದ.

ಚಳಿ ಕಳೆಯಿತು. ಬಾದಾಮಿ ಮರ ಎಲೆಗಿಂತ ಮೊದಲು ಹೂ ಬಿಡುತ್ತದೆ. ಆ ವರ್ಷ ಕೊಂಬೆ ಕಾಣದಷ್ಟು ಹೂ ಬಂತು. ಜೇನುನೊಣವೂ ಬಂತು. ಸಾರುವವನು ಅದನ್ನು ಕಣ್ಣಾರೆ ನೋಡಿದ. ಪೇಟೆಗೆ ಹೋಗಿ ಪೇಟ ತೆಗೆದು, ಬರಿತಲೆಯಲ್ಲಿ ನಿಂತು, ಇಂಥ ಹೂವನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ ಎಂದು ಸಾರಿದ. ಅದು ಸುದ್ದಿಯೇ. ವ್ಯಾಪಾರಿಗಳು ಅದನ್ನು ನಂಬಿ ಗಾಡಿ ಸಿದ್ಧಮಾಡಿಕೊಂಡರು.

ಹೂ ಉದುರಿತು. ಉದುರಿದ ಕಡೆ ಹಸಿರು ಕಾಯಿ ಕಾಣಬೇಕಿತ್ತು. ಕಾಣಲಿಲ್ಲ. ಹೂವಿನ ಹಿಂದೆಯೇ ತೊಟ್ಟೂ ಉದುರಿತು. ಒಬ್ಬರು ಮಂಜು ಎಂದರು, ಆದರೆ ಮಂಜು ಬಿದ್ದಿರಲಿಲ್ಲ. ಒಬ್ಬರು ಜೇನು ಬರಲಿಲ್ಲ ಎಂದರು, ಆದರೆ ಅದರ ಗುಂಯ್‌ಗುಡುವ ಸದ್ದನ್ನು ಎಲ್ಲರೂ ಕೇಳಿದ್ದರು. ಹೊಗಳಿಕೆ ಹೆಚ್ಚಾಗಿ ದೃಷ್ಟಿ ತಗುಲಿತು ಎಂದು ಕೆಲವರು ಹೇಳಿದರು. ಸಾರುವವನಿಗೆ ಒಂದೂ ತಿಳಿಯಲಿಲ್ಲ. ಈಗ ಯಾವ ಸುದ್ದಿ ಹೇಳುವುದೆಂದು ಕೇಳಲು ಸಂಘಕ್ಕೆ ಹೋದ. ಸಂಘದವರು ಅವನನ್ನೇ ಏನು ಸುದ್ದಿ ಎಂದು ಕೇಳಿದರು.

ಅವನು ಅಕ್ಕನ ತೋಟಕ್ಕೆ ಬಂದ. ಅಕ್ಕ ಅವನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋದಳು. ಬೇಲಿಯ ಆಚೆ ಸೋಮಾರಿಯ ಕಲ್ಲುಬಾದಾಮಿ ಮರಗಳು. ಈಚೆ ಅಕ್ಕನ ಮರಗಳು. ಬೇಲಿಯ ಪಕ್ಕದ ಮರಗಳಲ್ಲಿ ಕೊಂಬೆ ತುಂಬ ಕಾಯಿ ಇತ್ತು. ಬೇಲಿಯಿಂದ ದೂರ ಹೋದಂತೆ ಕಾಯಿ ಕಡಿಮೆಯಾಗುತ್ತ ಹೋಗಿ, ತೋಟದ ನಡುವೆ ಏನೂ ಇರಲಿಲ್ಲ. ತೆಳು ಚಿಪ್ಪಿನ ಮರ ತನ್ನ ಜಾತಿಯ ಹೂವಿನಿಂದ ಕಾಯಿ ಕಟ್ಟುವುದಿಲ್ಲ. ಅದಕ್ಕೆ ಬೇರೆ ಜಾತಿಯ ಹೂವಿನ ಪುಡಿ ಬೇಕು, ಆ ಪುಡಿಯನ್ನು ಜೇನುನೊಣ ತರುತ್ತದೆ. ಜೇನು ಬಂದಿತ್ತು. ಆದರೆ ತರುವುದಕ್ಕೆ ಸೋಮಾರಿಯ ಮರಗಳಲ್ಲದೆ ಬೇರೇನೂ ಉಳಿದಿರಲಿಲ್ಲ. ಅಕ್ಕನಿಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಬೇಲಿಯಿಂದ ತೋಟದ ನಡುವಿಗೆ, ನಡುವಿನಿಂದ ಬೇಲಿಗೆ ನಡೆದು ನಡೆದು ಅವಳೇ ಕಂಡುಕೊಂಡಿದ್ದಳು. ಈಗ ಕಲ್ಲುಬಾದಾಮಿಯ ಸಸಿ ನೆಟ್ಟರೂ ಅದು ಹೂ ಬಿಡಲು ವರ್ಷಗಳು ಬೇಕು. ಅಲ್ಲಿಯವರೆಗೆ ಅವಳ ಪಾಲಿಗೆ ಇರುವುದು ಬೇಲಿಯ ಅಂಚಿನ ಕಾಯಿ ಮಾತ್ರ.

ಅಕ್ಕ ಬೈಯಲಿಲ್ಲ. ಒಂದು ಮಾತು ಕೇಳಿದಳು.

“ತಮ್ಮಾ, ಆ ದಿನ ಊಟಕ್ಕೆ ಕುಳಿತು ನೀನು ನನಗೆ ಹೇಳಿದ್ದು ಬರಿತಲೆಯ ಮಾತೋ, ಪೇಟದ ಮಾತೋ?”

ಅವನ ಕೈ ತಾನಾಗಿ ತಲೆಗೆ ಹೋಯಿತು. ಈಗಲೂ ಪೇಟ ಅಲ್ಲೇ ಇತ್ತು. ಅವನು ನೆನಪು ಮಾಡಿಕೊಳ್ಳಲು ನೋಡಿದ. ತಲೆಯ ಮೇಲೆ ಪೇಟ ಇದ್ದುದು ನೆನಪಾಯಿತು. ಆದರೆ ಆಗ ಮನಸ್ಸಿನಲ್ಲಿ ಏನಿತ್ತೆಂದು ಗೊತ್ತಾಗಲಿಲ್ಲ. ಅಕ್ಕ ಬೇಲಿಯ ಕಡೆ ಹೋಗಿ, ಕಾಯಿಯ ಭಾರಕ್ಕೆ ಬಾಗಿದ ಒಂದು ಕೊಂಬೆಗೆ ಕವೆಗೋಲು ಕೊಟ್ಟು ನಿಲ್ಲಿಸಿದಳು.

ಅವನು ಅಲ್ಲಿಂದ ಪೇಟೆಗೆ ಹೋದ. ಪೇಟೆಯ ಬಾಗಿಲಲ್ಲಿ ವ್ಯಾಪಾರಿಗಳ ಗಾಡಿಗಳು ನಿಂತಿದ್ದವು. ಇವನು ಬಂದದ್ದನ್ನು ಕಂಡು ಜನ ಸೇರಿದರು. ಪೇಟ ಹಾಕಿಕೊಂಡು ಮಾತಾಡಿದರೆ ಹೊಗಳಿಕೆ ಎಂದು ನಗುತ್ತಾರೆ. ತೆಗೆದು ಮಾತಾಡಿದರೆ, ಹೋದ ಸಲ ನೀನು ಬರಿತಲೆಯಲ್ಲೇ ಅಲ್ಲವೇ ಹೂವಿನ ಮಾತು ಹೇಳಿದ್ದು ಎನ್ನುತ್ತಾರೆ. ಅವನು ಪೇಟ ತೆಗೆದ. ಮತ್ತೆ ಹಾಕಿಕೊಳ್ಳಲು ಹೋದ. ಹಾಕಿಕೊಳ್ಳಲಿಲ್ಲ. ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ನಂಜಯ್ಯ ಇನ್ನೂ ಇದೆಯೆಂದು ಕಾದ. ಇನ್ನೇನೂ ಬರಲಿಲ್ಲ. ಸಾರುವವನು ಕಡೆಗೆ ಏನು ಸಾರಿದ ಎಂದು ಕೇಳಿದ. ಗುರುಗಳು ಹೇಳಲಿಲ್ಲ. ತಪ್ಪು ಅವನದೋ, ಅವನಿಂದ ಹೊಗಳಿಸಿಕೊಂಡು ನಂಬಿದವರದೋ ಎಂದು ಕೇಳಿದ. ಅದಕ್ಕೂ ಹೇಳಲಿಲ್ಲ. ನಂಜಯ್ಯನಿಗೆ ಬಂದಾಗ ಇದ್ದುದಕ್ಕಿಂತ ಗೊಂದಲ ಹೆಚ್ಚಾಯಿತು. ಬಂದಾಗ ಅವನ ಬಳಿ ಒಂದೇ ಪ್ರಶ್ನೆ ಇತ್ತು. ಈಗ ಅಕ್ಕನ ಪ್ರಶ್ನೆಯೂ ಸೇರಿಕೊಂಡಿತ್ತು, ಬಾವಿಯವನ ಪ್ರಶ್ನೆಯೂ ಹಾಗೆಯೇ ಉಳಿದಿತ್ತು. ಹೊರಗೆ ಆಗಲೇ ದೂರದ ಊರಿನವರು ಬಂದು ಗಂಟು ಇಳಿಸುತ್ತಿದ್ದ ಸದ್ದು ಕೇಳುತ್ತಿತ್ತು.

ಅವನು ಕೈಮುಗಿದ. “ಬುದ್ಧೀ, ನನಗೆ ಒಂದೂ ಬಗೆಹರಿಯುತ್ತಿಲ್ಲ. ನಾಳೆ ಬಾಗಿಲಲ್ಲಿ ನಾನು ಏನು ಹೇಳಲಿ? ತಮಗೆ ಗೊತ್ತಿಲ್ಲದ್ದು ಯಾವುದಿದೆ, ತಾವೇ ಹೇಳಬೇಕು.”

ಗುರುಗಳು, ಅವನು ಮತ್ತೆ ಬಾಯಿ ತೆರೆಯದ ಹಾಗೆ, ಒಂದೇ ಮಾತು ಹೇಳಿದರು.

“ಗುರುಗಳಿಗೆ ಎಲ್ಲವೂ ಗೊತ್ತು ಎಂದು ಬಾಗಿಲಲ್ಲಿ ಸಾರಿದವನೂ ನೀನೇ ನಂಜಯ್ಯ, ಅದನ್ನು ಕೇಳಿ ಒಳಗೆ ಬಂದವನೂ ನೀನೇ.”